ಪುಟ್ಟ ಮರಕ್ಕೆ ಮುಪ್ಪು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ತುದಿಯಲ್ಲಿ, ಕೊಲರಾಡೊ ಗಡಿಯ ಸಮೀಪದಲ್ಲಿರುವ ಚಾಮಾ ಎಂಬ ಸಣ್ಣ ಊರಿನ ರೈಲು ಅಂಗಳದಲ್ಲಿ, ಉಗಿಬಂಡಿಗಳಿಗೆ ನೀರು ತುಂಬಲೆಂದು 1897ರಲ್ಲಿ ಕಟ್ಟಿದ ಮರದ ತೊಟ್ಟಿಯೂ ಕಲ್ಲಿದ್ದಲು ತುಂಬಲೆಂದು 1924ರಲ್ಲಿ ಎತ್ತಿದ ಮರದ ಗೋಪುರವೂ ಇಂದಿಗೂ ನಿಂತಿವೆ. ಹಳಿಗಳ ನಡುವಿನ ಅಂತರ ಮೂರೇ ಅಡಿ, ಅಂದರೆ 914 ಮಿಲಿಮೀಟರ್ ಇರುವ ಈ ನ್ಯಾರೋಗೇಜ್ ಮಾರ್ಗವು 3,053 ಮೀಟರ್ ಎತ್ತರದ ಕುಂಬ್ರೆಸ್ ಕಣಿವೆಯನ್ನು ದಾಟಿ ಆಂಟೊನಿಟೊ ಊರನ್ನು ಸೇರುತ್ತದೆ. ಸರಕು ಸಾಗಣೆ ನಿಂತ ಮೇಲೆ ಎರಡೂ ರಾಜ್ಯ ಸರ್ಕಾರಗಳು ಕೂಡಿ 1970ರಲ್ಲಿ ಇದನ್ನು ಕೊಂಡು ಉಳಿಸಿಕೊಂಡಿದ್ದರಿಂದ, ಬಿಸಿಲು, ಹಿಮ, ಹೊಗೆ, ಸೋರುವ ನೀರುಗಳು ಮರದ ಮೇಲೆ ದಶಕಗಟ್ಟಲೆ ಬರೆದ ಗುರುತುಗಳು ಕಣ್ಣೆದುರಿಗೇ ಸಿಗುತ್ತವೆ. ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗೆ ಇಂಥ ಕಟ್ಟಡಗಳ ಮೇಲೆ ತೀರದ ಮೋಹವಿದೆ. ಅವುಗಳನ್ನು ಮೇಜಿನ ಮೇಲೆ ನಿಲ್ಲುವಷ್ಟು ಕಿರಿದಾಗಿ, ಅದೇ ಹಳೆತನದೊಂದಿಗೆ ಮರುಸೃಷ್ಟಿಸುವ ಕೆಲಸಕ್ಕೆ ಅವರು ‘ವೆದರಿಂಗ್’ ಎನ್ನುತ್ತಾರೆ. ಗಾಳಿ, ಮಳೆ, ಬಿಸಿಲುಗಳಿಗೆ ಒಡ್ಡಿಕೊಂಡ ವಸ್ತುವಿಗೆ ಬರುವ ಸವೆತ ಮತ್ತು ಬಣ್ಣಗೆಡುವಿಕೆಯನ್ನು ಕೈಯಾರೆ ಬರಿಸುವ ಕಲೆ ಅದು.

ಈ ಹವ್ಯಾಸದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಎಂಬ ಅಳತೆಯಲ್ಲಿ ನಿಜವಾದ ಒಂದು ಅಡಿ 3.5 ಮಿಲಿಮೀಟರ್ ಆಗುತ್ತದೆ, ಅಂದರೆ ಎಲ್ಲ ಉದ್ದಗಳೂ ಸುಮಾರು 87ರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಎಂಟು ಇಂಚು ಅಗಲದ ಹಲಗೆ 2.3 ಮಿಲಿಮೀಟರ್ ಅಗಲದ ಕಡ್ಡಿಯಾಗುತ್ತದೆ, ಒಂದು ಇಂಚಿನ ದಪ್ಪ 0.3 ಮಿಲಿಮೀಟರಿಗಿಂತ ಒಂದಿಷ್ಟು ಕಡಿಮೆಯಾಗುತ್ತದೆ, ಮತ್ತು ಘನಗಾತ್ರವು ಉದ್ದದ ಘನಕ್ಕೆ ಅನುಗುಣವಾಗಿ ಇಳಿಯುವುದರಿಂದ ಚಾಮಾದ 50,000 ಗ್ಯಾಲನ್ನಿನ, ಅಂದರೆ ಸುಮಾರು 1.9 ಲಕ್ಷ ಲೀಟರಿನ ತೊಟ್ಟಿಯ ಮಾದರಿಯಲ್ಲಿ 290 ಮಿಲಿಲೀಟರ್ ನೀರು ಮಾತ್ರ ಹಿಡಿಯುತ್ತದೆ. ಅಳತೆಪಟ್ಟಿ ಹಿಡಿದು ಮಾಡುವ ಈ ಲೆಕ್ಕ ಸುಲಭ. ತೊಡಕು ಇರುವುದು ಅಳತೆಪಟ್ಟಿಗೆ ಸಿಗದ ಸಂಗತಿಗಳಲ್ಲಿ: ಮರದ ಎಳೆ, ನೀರಿನ ಹನಿ, ಗುರುತ್ವ, ಬೆಳಕು, ಕಾಲ ಇವು ಯಾವುವೂ ಕಟ್ಟಡದೊಂದಿಗೆ ಕಿರಿದಾಗುವುದಿಲ್ಲ. ಆದ್ದರಿಂದ ನಿಜವಾದ ಮರಕ್ಕೆ ಮುಪ್ಪು ತಂದ ಕ್ರಿಯೆಗಳನ್ನೇ ಮಾದರಿಯ ಮೇಲೂ ನಡೆಸಿದರೆ ಅದೇ ಫಲ ಬರುವುದಿಲ್ಲ. ಒಂದೊಂದು ಕ್ರಿಯೆಗೂ ಬದಲಿಯಾಗಿ ಬೇರೆಯೇ ಒಂದು ಭೌತಿಕ ಅಥವಾ ರಾಸಾಯನಿಕ ಉಪಾಯವನ್ನು ಹುಡುಕಬೇಕಾಗುತ್ತದೆ.

ಗಾತ್ರ ಬದಲಾದಾಗ ಗುಣವೂ ಬದಲಾಗುತ್ತದೆ ಎಂಬುದನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲೇ ವಿವರಿಸಿದ್ದ. ತೊಲೆಯ ಭಾರ ಉದ್ದದ ಘನಕ್ಕೆ ತಕ್ಕಂತೆ ಇಳಿದರೆ, ಅದನ್ನು ಹೊರುವ ಅಡ್ಡಕೊಯ್ತದ ವಿಸ್ತಾರ ವರ್ಗಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಹಾಗಾಗಿ 87 ಪಟ್ಟು ಕಿರಿದಾದ ತೊಲೆ ತನ್ನ ಭಾರಕ್ಕೆ ಹೋಲಿಸಿದರೆ 87 ಪಟ್ಟು ಬಲಶಾಲಿಯಾಗಿರುತ್ತದೆ. ನಿಜವಾದ ಗೋದಾಮಿನ ಮಾಡು ಹಿಮದ ಹೊರೆಗೂ ಸ್ವಂತ ಭಾರಕ್ಕೂ ವರ್ಷವರ್ಷವೂ ಒಂದಿಷ್ಟು ಬಗ್ಗುತ್ತಾ ಹೋಗಿ, ನೆತ್ತಿಯ ತೊಲೆ ನಡುವೆ ಹತ್ತು ಸೆಂಟಿಮೀಟರ್ ಜೋತುಬೀಳಬಹುದು. ಸ್ಥಿರವಾದ ಭಾರದ ಕೆಳಗೆ ಮರ ನಿಧಾನವಾಗಿ ಶಾಶ್ವತ ಬಾಗು ಪಡೆಯುವ ಈ ಗುಣವನ್ನು ಎಂಜಿನಿಯರುಗಳು ‘ಕ್ರೀಪ್’ ಎನ್ನುತ್ತಾರೆ. ಮಾದರಿಯ ತೊಲೆ ನೂರು ವರ್ಷ ಕಾದರೂ ತಾನಾಗಿ ಹೀಗೆ ಬಾಗದು. ಕಟ್ಟುವವನು ಅದರ ಮೇಲಂಚನ್ನು ನಡುವೆ ಒಂದು ಮಿಲಿಮೀಟರಿನಷ್ಟು ಕೆತ್ತಿ, ಬಾಗನ್ನು ಮೊದಲೇ ಕೂಡಿಸಬೇಕು.

ನೀರಿನ ತೊಟ್ಟಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ವಿವರವಿದೆ. ಇಂಥ ತೊಟ್ಟಿಯ ಗೋಡೆ ನೆಟ್ಟಗೆ ಒತ್ತೊತ್ತಾಗಿ ನಿಲ್ಲಿಸಿದ ಹಲಗೆಗಳಿಂದ ಆದದ್ದು. ಅವುಗಳ ನಡುವೆ ಅಂಟಾಗಲಿ ಮೊಳೆಯಾಗಲಿ ಇರುವುದಿಲ್ಲ, ಸುತ್ತ ಬಿಗಿದ ಕಬ್ಬಿಣದ ಬಳೆಗಳೇ ಎಲ್ಲವನ್ನೂ ಹಿಡಿದಿರುತ್ತವೆ, ಮತ್ತು ನೀರು ಕುಡಿದ ಮರ ಅಡ್ಡಲಾಗಿ ಉಬ್ಬುವುದರಿಂದ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ: ಮೇಲ್ಮೈಯಲ್ಲಿ ಸೊನ್ನೆಯಾಗಿದ್ದದ್ದು ಐದು ಮೀಟರ್ ಆಳದಲ್ಲಿ ಸುಮಾರು 49 ಕಿಲೋಪ್ಯಾಸ್ಕಲ್, ಎಂದರೆ ಒಂದು ಚದರ ಮೀಟರಿನ ಮೇಲೆ ಐದು ಟನ್ನಿನಷ್ಟು ಭಾರ ಕೂತಂತೆ. ಆದ್ದರಿಂದ ಬಳೆಗಳು ತೊಟ್ಟಿಯ ಬಾಯಿಯ ಬಳಿ ವಿರಳವಾಗಿ, ಬುಡಕ್ಕೆ ಇಳಿದಂತೆ ದಟ್ಟವಾಗಿ ಇರುತ್ತವೆ. ಮಾದರಿಯಲ್ಲಿ ನೀರೇ ಇಲ್ಲದಿರುವಾಗ ಬಳೆಗಳನ್ನು ಸಮಾನ ಅಂತರದಲ್ಲಿ ಸುತ್ತಿದರೂ ತೊಟ್ಟಿ ಬೀಳುವುದಿಲ್ಲ. ಆದರೆ ನೋಡುವವರಿಗೆ, ಕಾರಣ ಹೇಳಲು ಬಾರದಿದ್ದರೂ, ಏನೋ ಸರಿಯಿಲ್ಲ ಎನಿಸುತ್ತದೆ. ಕಣ್ಣಿಗೆ ಭಾರದ ವಿತರಣೆ ಗೊತ್ತಿರುತ್ತದೆ.

ಮರದ ಮಾದರಿಯನ್ನು ಮರದಿಂದಲೇ ಮಾಡುವುದು ಸಹಜವೆಂದು ತೋರಿದರೂ, ಹೆಚ್ಚಿನ ಮರಗಳು ಈ ಕೆಲಸಕ್ಕೆ ಒದಗುವುದಿಲ್ಲ. ಪೈನ್ ಮರದ ತುಂಡೊಂದರಲ್ಲಿ ವಾರ್ಷಿಕ ಉಂಗುರಗಳು ಎರಡು ಮಿಲಿಮೀಟರ್ ಅಂತರದಲ್ಲಿದ್ದರೆ, ಎಚ್‌ಒ ಅಳತೆಯಲ್ಲಿ ಅದು ಒಂದೇ ವರ್ಷದಲ್ಲಿ ತನ್ನ ತೊಗಟೆಯನ್ನು ಹದಿನೇಳು ಸೆಂಟಿಮೀಟರ್ ಹೊರಕ್ಕೆ ತಳ್ಳಿದ ಅಸಂಭವ ಮರವಾಗುತ್ತದೆ. ಹಾಗಾಗಿ ಮರವಾಗಿದ್ದೂ ಮರದಂತೆ ಕಾಣದ, ಎಳೆಗಳು ಕಣ್ಣಿಗೆ ಅಡಗಿರುವ ಜಾತಿ ಬೇಕು. ಉತ್ತರ ಅಮೆರಿಕದ ಲಿಂಡನ್ ಜಾತಿಯ ‘ಬಾಸ್‌ವುಡ್’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ನೀರ್ಗೊಳವೆಗಳು ಸಣ್ಣವಾಗಿದ್ದು ಉಂಗುರದುದ್ದಕ್ಕೂ ಸಮನಾಗಿ ಹರಡಿರುತ್ತವೆ, ಉಂಗುರದಿಂದ ಉಂಗುರಕ್ಕೆ ಬಣ್ಣದ ಭೇದ ಕಡಿಮೆ, ಚೂಪಾದ ಅಲಗಿಗೆ ಅದು ಸಿಗಿಯದೆ ಕೊಯ್ಯಿಸಿಕೊಳ್ಳುತ್ತದೆ. ಬಾಲ್ಸಾ ಇನ್ನೂ ಹಗುರ, ಅಗ್ಗ; ಆದರೆ ಅದರ ಗೊಳವೆಗಳು ದೊಡ್ಡವು, ಅಂಚು ಮೆತ್ತಗೆ, ಬಣ್ಣ ಕುಡಿದೊಡನೆ ಮೈಮೇಲೆ ಗೀರುಗಳೇಳುತ್ತವೆ.

ಇನ್ನು ನಿಜವಾದ ಮರ ಮುಪ್ಪಾಗುವುದು ಹೇಗೆಂಬುದು. ಮರದ ಗಟ್ಟಿತನಕ್ಕೆ ಎರಡು ವಸ್ತುಗಳು ಮುಖ್ಯ: ಉದ್ದನೆಯ ನಾರಾಗಿ ಎಳೆಯುವ ಬಲವನ್ನು ತಾಳುವ ಸೆಲ್ಯುಲೋಸ್, ಮತ್ತು ಆ ನಾರುಗಳನ್ನು ಪರಸ್ಪರ ಅಂಟಿಸುವ ಲಿಗ್ನಿನ್. ಸೆಲ್ಯುಲೋಸ್ ಬಣ್ಣವಿಲ್ಲದ್ದು, ಲಿಗ್ನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಲವಾಗಿ ಹೀರಿಕೊಂಡು ಒಡೆಯುತ್ತದೆ. ಈ ಕಿರಣಗಳು ಮರದೊಳಗೆ ಸುಮಾರು 75 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹದಿಮೂರನೆಯ ಒಂದು ಪಾಲಿನಷ್ಟು ಮಾತ್ರ ಇಳಿಯುವುದರಿಂದ ಹಾನಿಯೆಲ್ಲ ಮೇಲುಪದರಕ್ಕೇ ಸೀಮಿತ. ಒಡೆದ ಲಿಗ್ನಿನ್ನಿನ ಚೂರುಗಳು ಮೊದಲು ಹಳದಿ ಕಂದಾಗಿ ಕಾಣುತ್ತವೆ. ಮಳೆ ಬಂದು ಅವುಗಳನ್ನು ತೊಳೆದೊಯ್ದ ಮೇಲೆ ಬಿಳಿಚಿದ ಸೆಲ್ಯುಲೋಸ್ ನಾರು ಉಳಿಯುತ್ತದೆ, ಅದರ ಮೇಲೆ ಕಪ್ಪು ಬಣ್ಣದ ಸೂಕ್ಷ್ಮ ಶಿಲೀಂಧ್ರಗಳು ನೆಲೆಯೂರುತ್ತವೆ. ಹಳೆಯ ಮರದ ಬೆಳ್ಳಿಬೂದು ಬಣ್ಣ ಈ ಬಿಳಿಪು ಮತ್ತು ಈ ಕಪ್ಪಿನ ಬೆರಕೆ. ಬಂಧ ಕಳೆದುಕೊಂಡ ನಾರುಗಳು ಗಾಳಿಮಳೆಗೆ ಉದುರುತ್ತಾ ಹೋಗುತ್ತವೆ, ಆದರೆ ಬಹಳ ನಿಧಾನವಾಗಿ: ಮೆದುಮರಗಳಲ್ಲಿ ಈ ಸವೆತ ಶತಮಾನಕ್ಕೆ ಆರು ಮಿಲಿಮೀಟರಿನ ಆಸುಪಾಸು.

ಈ ಆರು ಮಿಲಿಮೀಟರನ್ನು 87ರಿಂದ ಭಾಗಿಸಿದರೆ 0.07 ಮಿಲಿಮೀಟರ್ ಬರುತ್ತದೆ. ಆರೋಗ್ಯವಂತ ಕಣ್ಣು ಕೋನದಲ್ಲಿ ಒಂದು ಕಲೆಯಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಗುರುತಿಸಬಲ್ಲದು. 45 ಸೆಂಟಿಮೀಟರ್ ದೂರದಿಂದ ಅದು 0.13 ಮಿಲಿಮೀಟರ್. ಹಾಗಾದರೆ ನೂರು ವರ್ಷದ ಸವೆತವನ್ನು ಅಳತೆಗೆ ಸರಿಯಾಗಿ ಕೆತ್ತಿದರೆ ಅದು ಬರಿಗಣ್ಣಿಗೆ ಕಾಣಿಸುವುದೇ ಕಷ್ಟ. ತಂತಿ ಬ್ರಷ್ಷಿನಿಂದ ಹಲಗೆಗಳನ್ನು ಗೀರಿ ಗೀರಿ ಆಳವಾದ ಎಳೆಗಳನ್ನು ಬಿಡಿಸುವ ಅಭ್ಯಾಸ ಹವ್ಯಾಸಿಗಳಲ್ಲಿ ವ್ಯಾಪಕವಾಗಿದೆ, ಛಾಯಾಚಿತ್ರದಲ್ಲಿ ಅದು ಚೆನ್ನಾಗಿಯೂ ಕಾಣುತ್ತದೆ. ಲೆಕ್ಕ ಹಾಕಿದರೆ ಮಾತ್ರ ಆ ಗೀರುಗಳು ಕೈಬೆರಳು ಇಳಿಯುವಷ್ಟು ಆಳದ ಕಂದಕಗಳಾಗುತ್ತವೆ. ಬ್ರಷ್ಷನ್ನು ಎಳೆಯ ಗುಂಟ ಹಗುರವಾಗಿ ಒಂದೆರಡು ಸಲ ಆಡಿಸಿ ಬಿಟ್ಟು, ಉಳಿದದ್ದನ್ನು ಬಣ್ಣಕ್ಕೆ ಒಪ್ಪಿಸುವುದು ಹೆಚ್ಚು ಪ್ರಾಮಾಣಿಕ ಮಾರ್ಗ. ಮೊಳೆಗಳದ್ದೂ ಇದೇ ಕಥೆ: ಏಳು ಮಿಲಿಮೀಟರಿನ ಮೊಳೆತಲೆ ಮಾದರಿಯಲ್ಲಿ 0.08 ಮಿಲಿಮೀಟರ್ ಆಗಿ ಕಣ್ಣಿನ ಮಿತಿಯ ಕೆಳಗೆ ಬೀಳುತ್ತದೆ, ಆದರೆ ಅದರಿಂದ ಇಳಿದ ಒಂದು ಗೇಣು ಉದ್ದದ ತುಕ್ಕಿನ ಗೆರೆ ಎರಡೂವರೆ ಮಿಲಿಮೀಟರ್ ಉದ್ದವಾಗಿ ಎದ್ದು ಕಾಣುತ್ತದೆ. ಸೂಜಿಯಿಂದ ಸಾಲುಸಾಲಾಗಿ ಚುಚ್ಚುವುದಕ್ಕಿಂತ ಅಲ್ಲೊಂದು ಇಲ್ಲೊಂದು ಗೆರೆ ಎಳೆದರೆ ಮೊಳೆ ಇದೆಯೆಂಬುದು ತಾನೇ ಗೊತ್ತಾಗುತ್ತದೆ.

ಬೂದು ಬಣ್ಣವನ್ನು ತರಲು ಹಲವು ದಶಕಗಳಿಂದ ಬಳಕೆಯಲ್ಲಿರುವುದು ಒಂದು ಸರಳ ದ್ರಾವಣ: ಅರ್ಧ ಲೀಟರಿನಷ್ಟು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದೆರಡು ಟೀಚಮಚ ಇಂಡಿಯಾ ಇಂಕ್. ಈ ಶಾಯಿ ಎಣ್ಣೆದೀಪದ ಕಾಡಿಗೆಯಂಥ ಇಂಗಾಲದ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿ, ಒಣಗಿದ ಮೇಲೆ ಅಂಟಿಕೊಳ್ಳಲೆಂದು ಸಾಮಾನ್ಯವಾಗಿ ಅರಗು ಬೆರೆಸಿ ಮಾಡಿದ್ದು. ಅದನ್ನು ನೀರಿನಲ್ಲೇ ತೆಳುಗೊಳಿಸದೆ ಆಲ್ಕೋಹಾಲನ್ನು ಏಕೆ ಬಳಸಬೇಕೆಂಬುದಕ್ಕೆ ಮೇಲ್ಮೈ ಎಳೆತದಲ್ಲಿ ಉತ್ತರವಿದೆ. ದ್ರವದ ಮೈಮೇಲಿನ ಅಣುಗಳು ಒಳಗಿನ ಅಣುಗಳ ಸೆಳೆತಕ್ಕೆ ಸಿಕ್ಕಿ, ಮೇಲ್ಮೈಯನ್ನು ಆದಷ್ಟು ಕಿರಿದಾಗಿಟ್ಟುಕೊಳ್ಳಲು ಹವಣಿಸುವ ಬಲವೇ ಮೇಲ್ಮೈ ಎಳೆತ. ನೀರಿನಲ್ಲಿ ಅದು ಮೀಟರಿಗೆ 72 ಮಿಲಿನ್ಯೂಟನ್, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಸುಮಾರು 22 ಮಾತ್ರ. ನೀರು ಒಣಮರದ ಮೇಲೆ ಗುಂಡಗೆ ಕೂರುವ ಕಡೆ ಆಲ್ಕೋಹಾಲ್ ಹರಡಿ, ಎಳೆಗಳ ಸಂದಿನಲ್ಲಿ ಇಳಿದು, ಇಂಗಾಲದ ಕಣಗಳನ್ನು ತಗ್ಗುಗಳಲ್ಲಿ ಬಿಟ್ಟು ಬೇಗ ಆರಿಹೋಗುತ್ತದೆ. ಹಲಗೆಯ ಕೊಯ್ದ ತುದಿಯಲ್ಲಿ ಗೊಳವೆಗಳ ಬಾಯಿ ತೆರೆದಿರುವುದರಿಂದ ಅಲ್ಲಿ ಹೆಚ್ಚು ದ್ರಾವಣ ಹೀರಲ್ಪಟ್ಟು ಬಣ್ಣ ಗಾಢವಾಗುತ್ತದೆ. ನಿಜವಾದ ಕಟ್ಟಡದಲ್ಲೂ ನೀರು ಮೊದಲು ನುಗ್ಗುವುದು ಅದೇ ತುದಿಯಿಂದ. ಮಾದರಿಯೂ ಮೂಲವೂ ಒಂದೇ ಕಾರಣಕ್ಕೆ ಒಂದೇ ರೂಪ ಪಡೆಯುವ ಅಪರೂಪದ ಜಾಗ ಇದು.

ನೀರನ್ನು ದೂರವಿಡಲು ಇನ್ನೊಂದು ಕಾರಣವೂ ಇದೆ. ತೇವ ಹೀರಿದ ಮರ ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬುವುದಿಲ್ಲ: ಹಸಿ ಬಾಸ್‌ವುಡ್ ಪೂರ್ತಿ ಒಣಗುವಾಗ ಉಂಗುರದ ಗುಂಟ ಶೇಕಡಾ 9.3ರಷ್ಟು, ಉಂಗುರಕ್ಕೆ ಅಡ್ಡವಾಗಿ 6.6ರಷ್ಟು ಕುಗ್ಗಿದರೆ, ಉದ್ದದ ದಿಕ್ಕಿನಲ್ಲಿ ಕುಗ್ಗುವುದು ನಗಣ್ಯ. ತೆಳುಹಾಳೆಯ ಒಂದೇ ಮಗ್ಗುಲಿಗೆ ನೀರು ಬಣ್ಣ ಬಳಿದರೆ ಆ ಮಗ್ಗುಲು ಹಿಗ್ಗಿ, ಗೋಡೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡೂ ಮಗ್ಗುಲಿಗೆ ಒಟ್ಟಿಗೆ ಬಳಿಯುವುದು, ಹಿಂಬದಿಗೆ ಅಡ್ಡಪಟ್ಟಿಗಳನ್ನು ಕೂಡಿಸುವುದು ಇದಕ್ಕೆ ಪರಿಹಾರ. ಕರ್ನಾಟಕದ ಹವ್ಯಾಸಿಗಳಿಗೆ ಈ ಲೆಕ್ಕ ಅಮೆರಿಕದವರಿಗಿಂತ ಹೆಚ್ಚು ಮುಖ್ಯ. ಬೇಸಿಗೆಯ ಕಲಬುರಗಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30ಕ್ಕೆ ಇಳಿದಾಗ ಮರದಲ್ಲಿ ಉಳಿಯುವ ತೇವ ಆರರಷ್ಟು, ಮುಂಗಾರಿನ ಮಂಗಳೂರಿನಲ್ಲಿ ಆರ್ದ್ರತೆ 85 ದಾಟಿದಾಗ ಹದಿನೆಂಟರಷ್ಟು, ಮತ್ತು ಈ ವ್ಯತ್ಯಾಸಕ್ಕೆ 50 ಮಿಲಿಮೀಟರ್ ಅಗಲದ ಹಾಳೆ ಸುಮಾರು 1.8 ಮಿಲಿಮೀಟರ್ ಹಿಗ್ಗಬಲ್ಲದು. ಒಂದೇ ಅಗಲವಾದ ಹಾಳೆಯ ಬದಲು ಬಿಡಿಬಿಡಿ ಹಲಗೆಗಳನ್ನು ಜೋಡಿಸಿದರೆ ಈ ಹಿಗ್ಗು ಸಂದುಗಳಲ್ಲಿ ಹಂಚಿಹೋಗುತ್ತದೆ. ಬಣ್ಣ ಮೊದಲು, ಅಂಟು ಆಮೇಲೆ ಎಂಬ ನಿಯಮಕ್ಕೂ ಕಾರಣ ಸರಳವಾದದ್ದು: ಬಿಳಿ ಮರಗೋಂದು ಒಣಗಿ ಪ್ಲಾಸ್ಟಿಕ್ ಪೊರೆಯಾಗಿ ರಂಧ್ರಗಳನ್ನು ಮುಚ್ಚುವುದರಿಂದ, ಅದು ಸೋಕಿದ ಕಡೆ ದ್ರಾವಣ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ.

ಕೆಲವರು ಶಾಯಿಯ ಬದಲು ರಸಾಯನಕ್ಕೆ ಮೊರೆಹೋಗುತ್ತಾರೆ. ಉಕ್ಕಿನ ನಾರನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಸಿದರೆ ಕಬ್ಬಿಣದ ಅಸಿಟೇಟ್ ಲವಣ ಸಿಗುತ್ತದೆ. ಅದು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದೊಂದಿಗೆ ಕೂಡಿ, ಗಾಳಿಯ ಆಮ್ಲಜನಕ ಸೋಕಿದೊಡನೆ ಕರಿಬೂದು ಬಣ್ಣದ ಸಂಯುಕ್ತವಾಗುತ್ತದೆ. ಅಳಲೆಕಾಯಿಯ ರಸಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ಮಾಡುತ್ತಿದ್ದ ಕಪ್ಪುಮಸಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಬಾಸ್‌ವುಡ್ಡಿನಲ್ಲಿ ಟ್ಯಾನಿನ್ ಅಲ್ಪವಾದ್ದರಿಂದ ಮೊದಲು ಗಟ್ಟಿಯಾದ ಚಹಾ ಕಷಾಯ ಬಳಿದು ಒಣಗಿಸಿಕೊಳ್ಳಬೇಕು. ಬಣ್ಣ ಎಳೆಯ ಒಳಗೇ ಹುಟ್ಟುವುದು ಈ ವಿಧಾನದ ಸೊಗಸು. ಎಷ್ಟು ಕಪ್ಪಾದೀತೆಂದು ಮುಂಚಿತವಾಗಿ ಹೇಳಲಾಗದಿರುವುದು ಅದರ ಉಪದ್ರವ.

ಬಣ್ಣ ಎಲ್ಲಿ ಎಂಬುದು, ಯಾವ ಬಣ್ಣ ಎಂಬುದಷ್ಟೇ ಮುಖ್ಯ. ಸೂರಿನ ಕೆಳಗೆ ಮಳೆ ತಾಗದ ಹಲಗೆಯಲ್ಲಿ ಒಡೆದ ಲಿಗ್ನಿನ್ ತೊಳೆದುಹೋಗದೆ ಅಲ್ಲೇ ಉಳಿಯುವುದರಿಂದ ಆ ಪಟ್ಟಿ ಬೂದಾಗದೆ ಕಂದಾಗಿಯೇ ಇರುತ್ತದೆ. ಉತ್ತರ ಗೋಳಾರ್ಧದ ಕಟ್ಟಡಗಳಲ್ಲಿ ದಕ್ಷಿಣದ ಗೋಡೆ ಹೆಚ್ಚು ಬಿಸಿಲುಣ್ಣುತ್ತದೆ, ಮತ್ತು ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚುವುದರಿಂದ ಕೊಲರಾಡೊದ ಬೆಟ್ಟಸೀಮೆಯಲ್ಲಿ ಈ ಭೇದ ಇನ್ನೂ ತೀಕ್ಷ್ಣ. ನೆಲಕ್ಕೆ ಬಿದ್ದ ಮಳೆ ಸಿಡಿದು ಗೋಡೆಯ ಬುಡದ ಒಂದಡಿಯನ್ನು ಮತ್ತೆ ಮತ್ತೆ ತೋಯಿಸುತ್ತದೆ. ಮಾದರಿಯಲ್ಲಿ ಆ ಒಂದಡಿ 3.5 ಮಿಲಿಮೀಟರಿನ ಕೆಸರುಬಣ್ಣದ ಪಟ್ಟಿ. ನಾಲ್ಕೂ ಗೋಡೆಗಳಿಗೆ ಒಂದೇ ಬೂದು ಬಳಿದ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ದಿಕ್ಕಿಲ್ಲ.

ಸೋರಿಕೆಯ ಕಲೆಗಳಲ್ಲಿ ನೀರಿನ ಹನಿ ಮತ್ತೆ ಅಡ್ಡಬರುತ್ತದೆ. ಗುರುತ್ವಕ್ಕೂ ಮೇಲ್ಮೈ ಎಳೆತಕ್ಕೂ ನಡುವಿನ ಪೈಪೋಟಿ ಸರಿಸಮವಾಗುವ ಉದ್ದ ನೀರಿಗೆ 2.7 ಮಿಲಿಮೀಟರ್, ಅದು ಚಾಮಾದಲ್ಲೂ ಮೇಜಿನ ಮೇಲೂ ಒಂದೇ. ನಿಜವಾದ ತೊಟ್ಟಿಯ ಬಿರುಕಿನಿಂದ ನೀರು ತೆಳುವಾದ ಎಳೆಯಾಗಿ ಹರಿದಿಳಿದು ಖನಿಜದ ಬಿಳಿ ಗೆರೆಗಳನ್ನು ಬಿಟ್ಟಿರುತ್ತದೆ. ಮಾದರಿಯ ಮೇಲೆ ಒಂದು ಹನಿ ಬಿಟ್ಟರೆ ಅದು ಎರಡು ಹಲಗೆಗಳನ್ನು ಒಟ್ಟಿಗೆ ಮುಚ್ಚುವ ಗುಡ್ಡವಾಗಿ ಕೂತು, ಒಣಗಿದಾಗ ಅಂಚಿನಲ್ಲಿ ಉಂಗುರ ಮೂಡಿಸುತ್ತದೆ. ಆದ್ದರಿಂದ ಹರಿವಿನ ಗುರುತನ್ನು ಹರಿಸಿ ಪಡೆಯಲಾಗದು, ಬಹುಪಾಲು ಒರೆಸಿ ಒಣಗಿಸಿದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು, ಪ್ರತಿ ಎಳೆತವೂ ಕೆಳಗೆ ಹೋದಂತೆ ಸಣ್ಣಗಾಗುತ್ತಾ ಮಾಯವಾಗಬೇಕು.

ಬಣ್ಣದ ಕಟ್ಟಡಗಳಲ್ಲಿ ಸಿಪ್ಪೆಯೇಳುವಿಕೆಯದ್ದು ಬೇರೊಂದು ನಾಟಕ. ಹಿಂದಿನಿಂದ ತೇವ ಬಂದು ಮರ ಹಿಗ್ಗಿ ಕುಗ್ಗುವಾಗ, ವಯಸ್ಸಾಗಿ ಬಿರುಸಾದ ಬಣ್ಣದ ಪೊರೆ ಅದರೊಂದಿಗೆ ಬಾಗಲಾರದೆ ಬಿರಿದು ಉದುರುತ್ತದೆ. ಇದನ್ನು ಅನುಕರಿಸಲು ಮರಕ್ಕೆ ಮೊದಲು ಬೂದು ಬರಿಸಿ ಒಣಗಿಸಿ, ಅದರ ಮೇಲೆ ಮಿನರಲ್ ಟರ್ಪೆಂಟೈನನ್ನು ತೆಳ್ಳಗೆ ಸವರಿ, ಅದು ಆರುವ ಮುನ್ನ ಅಕ್ರಿಲಿಕ್ ಬಣ್ಣ ಬಳಿಯುತ್ತಾರೆ. ಕೆಲವು ನಿಮಿಷ ಕಳೆದು, ಬಣ್ಣ ಅರೆ ಒಣಗಿರುವಾಗ, ಮಾಸ್ಕಿಂಗ್ ಟೇಪನ್ನು ಒತ್ತಿ ಥಟ್ಟನೆ ಎತ್ತಿದರೆ, ಟರ್ಪೆಂಟೈನ್ ಉಳಿದಿದ್ದ ಕಡೆಯ ಬಣ್ಣ ಮರವನ್ನು ಹಿಡಿಯದೆ ಟೇಪಿನೊಂದಿಗೆ ಬರುತ್ತದೆ, ಅಂಚುಗಳು ಎಳೆಯ ಗುಂಟ ಹರಿದು ಕೆಳಗಿನ ಬೂದು ಇಣುಕುತ್ತದೆ. ಟೇಪನ್ನು ಬುಡದ ಹಲಗೆಗಳ ಮೇಲೆ ಹೆಚ್ಚು, ಸೂರಿನ ಕೆಳಗೆ ಕಡಿಮೆ ಒತ್ತಬೇಕೆಂಬುದನ್ನು ಮೇಲಿನ ಮಾತುಗಳಿಂದಲೇ ಊಹಿಸಬಹುದು.

ಕೊನೆಯ ಹದ ಧೂಳಿನದು. ಪ್ಯಾಸ್ಟೆಲ್ ಕಡ್ಡಿಯನ್ನು ಉಜ್ಜಿ ತೆಗೆದ ಪುಡಿ ಕುಂಚದಲ್ಲಿ ಸವರಿದಾಗ ಬೆಳ್ಳಗೆ ಚೆನ್ನಾಗಿ ಕಂಡು, ಅದು ಉದುರದಿರಲೆಂದು ವಾರ್ನಿಷ್ ಸಿಂಪಡಿಸಿದೊಡನೆ ಮಾಯವಾಗುವುದು ಈ ಹವ್ಯಾಸದ ಹಳೆಯ ಗೋಳು. ಪುಡಿಯ ಬಿಳುಪು ಕಣದಷ್ಟೇ ಅದರ ಸುತ್ತಲಿನ ಗಾಳಿಯಿಂದಲೂ ಬಂದದ್ದು: ಗಾಳಿಯ ವಕ್ರೀಭವನಾಂಕ 1, ಖನಿಜ ಕಣದ್ದು 1.5ರ ಆಸುಪಾಸು, ಈ ಅಂತರದಿಂದಾಗಿ ಬೆಳಕು ಪ್ರತಿ ಅಂಚಿನಲ್ಲೂ ಚದುರುತ್ತದೆ. ವಾರ್ನಿಷಿನ ವಕ್ರೀಭವನಾಂಕವೂ 1.5ರ ಹತ್ತಿರವೇ ಇರುವುದರಿಂದ ಅದು ಗಾಳಿಯ ಜಾಗವನ್ನು ತುಂಬಿದಾಗ ಅಂಚುಗಳು ಬೆಳಕಿಗೆ ಇಲ್ಲವಾಗುತ್ತವೆ. ಬೇಕಾದುದಕ್ಕಿಂತ ಹೆಚ್ಚು ಪುಡಿ ಹಾಕಿ ಸಿಂಪಡಿಸುವುದು ಒಂದು ದಾರಿ. ಸಿಂಪಡಿಸದೆ, ಕಟ್ಟಡವನ್ನು ಕೈಯಿಂದ ಮುಟ್ಟದಿರುವುದು ಇನ್ನೊಂದು.

ಇಂಥ ಕೆಲಸಕ್ಕೆ ಗೌರವ ತಂದುಕೊಟ್ಟವರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ (1913–1973) ಪ್ರಮುಖ. ಹೊಳೆಯುವ ಹೊಸ ಆಟಿಕೆಯಂಥ ಮಾದರಿಗಳೇ ಹೆಚ್ಚಾಗಿದ್ದ ಕಾಲದಲ್ಲಿ ಆತ ತುಕ್ಕು, ಮಸಿ, ಮುರಿದ ಹಲಗೆಗಳ ಒಂದು ಇಡೀ ಪರ್ವತಸೀಮೆಯನ್ನು ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ. ಛಾಯಾಚಿತ್ರಗಾರನಾಗಿದ್ದರಿಂದ ಮಾದರಿಯನ್ನು ಅವನು ಬೆಳಕಿನ ಲೆಕ್ಕದಲ್ಲೇ ನೋಡುತ್ತಿದ್ದ. 1973ರ ಜನವರಿಯಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅದರ ಹೆಚ್ಚಿನ ಭಾಗ ಸುಟ್ಟುಹೋಯಿತು, ಉಳಿದಿರುವುದು ಬಹುಮಟ್ಟಿಗೆ ಅವನು ತೆಗೆದ ಚಿತ್ರಗಳು.

ಬೆಳಕಿನ ಲೆಕ್ಕ ಬಣ್ಣದ ಆಯ್ಕೆಯನ್ನೂ ನಿರ್ಧರಿಸುತ್ತದೆ. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಕೋಣೆಯ ದೀಪ ಕೆಲವು ನೂರು ಲಕ್ಸ್ ಮಾತ್ರ. ಹೊರಗೆ ಕಪ್ಪಿನೊಳಗೂ ಕಾಣುವ ವಿವರ ಒಳಗೆ ಕಾಣುವುದಿಲ್ಲ. ಹಾಗಾಗಿ ಅನುಭವಿಗಳು ಅಪ್ಪಟ ಕಪ್ಪನ್ನು ಬಿಟ್ಟು ಕರಿಬೂದನ್ನು ಬಳಸುತ್ತಾರೆ, ಎಲ್ಲ ಬಣ್ಣಕ್ಕೂ ಒಂದಿಷ್ಟು ಬಿಳಿ ಬೆರೆಸುತ್ತಾರೆ. ಅದೇ ಬೆಳಕು ಮಾದರಿಗೆ ನಿಜವಾದ ಮುಪ್ಪನ್ನೂ ತರುತ್ತದೆ, ಅದೂ ಕಿರಿದಾಗದ ಕಾಲದ ವೇಗದಲ್ಲಿ. ಕಿಟಕಿಯ ಗಾಜು ಅತಿನೇರಳೆಯ ಚಿಕ್ಕ ಅಲೆಗಳನ್ನು ತಡೆದರೂ ಉದ್ದದ ಅಲೆಗಳನ್ನು ಒಳಬಿಡುವುದರಿಂದ, ಬಿಸಿಲು ಬೀಳುವ ಕಡೆ ಇಟ್ಟ ಬಾಸ್‌ವುಡ್ಡಿನ ಲಿಗ್ನಿನ್ ಒಡೆದು ಮರ ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ, ಮತ್ತು ಅದನ್ನು ತೊಳೆಯುವ ಮಳೆ ಮನೆಯೊಳಗೆ ಇಲ್ಲದಿರುವುದರಿಂದ ಎಂದೂ ಬೂದಾಗುವುದಿಲ್ಲ. ಸಾವಯವ ಬಣ್ಣಗಳಿಂದ ಮಾಡಿದ ಅಗ್ಗದ ಶಾಯಿ ಈ ಬೆಳಕಿಗೆ ಮಾಸಿ ಕೆಳಗಿನ ಹಳದಿಯನ್ನು ಹೊರಗೆಡಹುತ್ತದೆ. ಇಂಗಾಲ ಮತ್ತು ಕಬ್ಬಿಣದ ಆಕ್ಸೈಡ್ ವರ್ಣದ್ರವ್ಯಗಳು ಮಾತ್ರ ಹಾಗೇ ಉಳಿಯುತ್ತವೆ.